ಆಪಾ ಬಂದ ಮೇಲೆ

ಶಾರ್ಜಾದ ನಮ್ಮ ಮನೆಯಲ್ಲಿ ಬಹಳ ವರ್ಷ ಮಂಚ ಇರಲಿಲ್ಲ. ಅಬ್ಬಾ, ಅಮ್ಮಿ, ನಾನು ಮೂವರೂ ನೆಲದ ಮೇಲೆ ಹಾಸಿಕೊಂಡು ಮಲಗುತ್ತಿದ್ದೆವು. ಮಂಚ ತರಲಾಗದಷ್ಟು ಬಡತನವೇನೂ ಇರಲಿಲ್ಲ. ಅಬ್ಬಾ ಒಂದೆರಡು ಸಲ ಅಂಗಡಿಗೆ ಹೋಗಿ ನೋಡಿಕೊಂಡೂ ಬಂದಿದ್ದರು. ಅಮ್ಮಿ ಒಪ್ಪಲಿಲ್ಲ. ಮಂಚವಷ್ಟೇ ಅಲ್ಲ, ಟೀವಿ, ಕಿಟಕಿಗೆ ಹೊಸ ಪರದೆ, ಗೋಡೆಗೆ ಗಡಿಯಾರ, ಏನು ಕೇಳಿದರೂ ಅಮ್ಮಿಯ ಉತ್ತರ ಒಂದೇ ಆಗಿತ್ತು, ‘ಆಪಾ ಬಂದ ಮ್ಯಾಲ.’ ಆಪಾ ಎಂದರೆ ನನ್ನ ಅಕ್ಕ ಜುಲೇಖಾ. ನಾವು ಮೂವರು ಈ ಊರಿಗೆ ಬರುವಾಗ ಅವಳೊಬ್ಬಳನ್ನು ಆಳಂದ ತಾಲ್ಲೂಕಿನ ನರೋಣಾದಲ್ಲಿ, ಅಬ್ಬಾನ ತಾಯಿಯಾದ ದಾದಿಯ ಹತ್ತಿರ ಬಿಟ್ಟು ಬಂದಿದ್ದೆವು. ಒಂದು ವರ್ಷದ ಮಾತು ಎಂದು ಹೇಳಿ ಬಿಟ್ಟಿದ್ದು. ಆ ಒಂದು ವರ್ಷ ಹೇಗೆ ಉದ್ದವಾಗುತ್ತ ಹೋಯಿತು, ಒಬ್ಬರು ಕಡಿಮೆಯಿದ್ದ ಆ ಮನೆಯಲ್ಲಿ ಬೆಳೆದು ನಾನು ಎಂಥವಳಾದೆ ಎಂಬುದನ್ನು ಹೇಳಬೇಕಾದರೆ ಮೊದಲು ನರೋಣಾದ ಮನೆಗೆ ಹೋಗಬೇಕು.

ಅದು ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಾಗಿರುವ ನಡುಮನೆ, ಪಕ್ಕಕ್ಕೆ ಅಡುಗೆಮನೆ. ಪಡಸಾಲೆಗೆ ಶಹಾಬಾದಿನ ಪರಸಿ ಹಾಸಿದ್ದರು. ಬೇಸಿಗೆಯ ಮಧ್ಯಾಹ್ನ ದಾದಿ ಆ ಕಲ್ಲಿನ ಮೇಲೆ ನೀರು ಚಿಮುಕಿಸಿ, ಬರೀ ನೆಲದ ಮೇಲೆ ಅಂಗಾತ ಮಲಗಿ, ನನ್ನನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ನಡುಮನೆಯ ತುಂಬ ತೊಗರಿ ಚೀಲಗಳು. ಹೊಲ ದಾದಿಯ ಹೆಸರಿನಲ್ಲಿತ್ತು; ಆಳುಗಳನ್ನು ಕರೆಯುವುದು, ಬೀಜ ಎತ್ತಿಡುವುದು, ರಾಶಿ ಮಾಡಿಸುವುದು ಎಲ್ಲವೂ ಅವಳದೇ. ಮನೆಯಲ್ಲಿ ನಾವು ಆಡುತ್ತಿದ್ದುದು ದಖನಿ ಉರ್ದು. ಆದರೆ ದಾದಿ ಜೀವನವಿಡೀ ಕನ್ನಡದ ಹೆಣ್ಣುಮಕ್ಕಳ ಜೊತೆ ಹೊಲದಲ್ಲಿ ಕಳೆ ತೆಗೆದವಳು, ದುವಾ ಉರ್ದುವಿನಲ್ಲಿ ಕೇಳಿ ಜಗಳ ಕನ್ನಡದಲ್ಲಿ ಆಡುತ್ತಿದ್ದಳು. ಗುರುವಾರ ಸಂಜೆ ಕೆಂಡದ ಮೇಲೆ ಊದು ಹಾಕಿ ಆ ಹೊಗೆಯನ್ನು ಮೂಲೆಮೂಲೆಗೂ ತೋರಿಸಿಕೊಂಡು ಬರುವಳು. ಮೊಹರಂ ಬಂದರೆ ಬೆಲ್ಲದ ಚೊಂಗೆ ಮಾಡಿ, ನಮ್ಮ ಓಣಿಯ ಹಿಂದೂ ಮುಸ್ಲಿಂ ಎನ್ನದೆ ಎಲ್ಲ ಮನೆಗೂ ಹಂಚಿಸುವಳು. ಹಂಚುವ ಕೆಲಸ ಆಪಾಳದು. ನಾನು ಅವಳ ಹಿಂದೆ ಖಾಲಿ ಕೈಯಲ್ಲಿ ನಡೆಯುತ್ತಿದ್ದೆ.

ಅಬ್ಬಾ ಮೊದಲು ಆಳಂದದ ಬಜಾರಿನಲ್ಲಿ ಟೇಲರ್ ಆಗಿದ್ದರು. ನನಗೆ ತಿಳಿವಳಿಕೆ ಬರುವ ಮೊದಲೇ ಯಾರೋ ಬಳಗದವರು ಅವರನ್ನು ಶಾರ್ಜಾಕ್ಕೆ ಕರೆಸಿಕೊಂಡಿದ್ದರು. ಅಲ್ಲಿ ಅರಬರ ಉದ್ದನೆಯ ಬಿಳಿ ಅಂಗಿ, ಕಂದೂರಾ, ಹೊಲಿಯುವ ಕೆಲಸ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದ ದಿನ ನಾನು ಅವರನ್ನು ಕಂಡು ದಾದಿಯ ಸೆರಗಿನಲ್ಲಿ ಅಡಗುತ್ತಿದ್ದೆ. ಆಪಾ ಹೋಗಿ ಅವರ ಬೂಟಿನ ಲೇಸು ಬಿಚ್ಚುತ್ತಿದ್ದಳು. ಅವರಿಲ್ಲದ ಮನೆಯಲ್ಲಿ ಅಮ್ಮಿಗೂ ದಾದಿಗೂ ದಿನಾ ಒಂದು ಜಗಳ. ಸಾರಿಗೆ ಉಪ್ಪು ಹೆಚ್ಚಾಯಿತು, ಕೋಳಿ ಗೂಡು ತೆರೆದಿತ್ತು, ತುಪ್ಪದ ಗಡಿಗೆ ಯಾರು ಮುಟ್ಟಿದರು, ಇಷ್ಟೇ. ಜಗಳವಾದರೆ ಇಬ್ಬರೂ ಮಾತು ಬಿಡುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಕೈಗೆಟಕುವಷ್ಟು ಹತ್ತಿರ ಕುಳಿತು, ‘ಜುಲೇಖಾ, ನಿಮ್ಮ ಅಮ್ಮಿಗಿ ಹೇಳು ರೊಟ್ಟಿ ಸಾಕಂತ’ ಎಂದು ಒಬ್ಬಳು, ‘ಜುಲೇಖಾ, ದಾದಿಗಿ ಹೇಳು ಹಿಟ್ಟು ನಾದಿ ಆಗ್ಯಾದಂತ’ ಎಂದು ಇನ್ನೊಬ್ಬಳು. ಆಪಾ ಇಬ್ಬರ ನಡುವೆ ರೊಟ್ಟಿ ತಟ್ಟುತ್ತ, ಖಾರದ ಮಾತನ್ನು ಅರ್ಧ ಸಪ್ಪೆ ಮಾಡಿ ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದಳು. ಹನ್ನೊಂದು ಹನ್ನೆರಡು ವರ್ಷದ ಹುಡುಗಿ. ಹಾಗೆ ಅವಳು ಒಂದು ಮನೆಯನ್ನು ನಡೆಸುವುದು ಹೇಗೆಂದು ಕಲಿತಳು. ನಾನು ಪುಂಡಿ ಪಲ್ಯ, ಬಿಸಿ ರೊಟ್ಟಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ತಿಂದು ಚೀಲಗಳ ಮೇಲೆ ಜಿಗಿಯುತ್ತಿದ್ದೆ.

ನನಗೆ ಎಂಟು, ಆಪಾಗೆ ಹದಿಮೂರು ನಡೆಯುತ್ತಿದ್ದಾಗ ಅಬ್ಬಾ ಸಂಸಾರವನ್ನು ಕರೆದೊಯ್ಯುವ ವೀಸಾ ಮಾಡಿಸಿಕೊಂಡು ಬಂದರು. ಅವರ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ದಾದಿಯನ್ನೂ ಕರೆದರು. ಅವಳು ಹೊಲ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದಳು. ಸರಿ, ಬೇಡ, ಆದರೆ ಅವಳಿಗೆ ಕಣ್ಣು ಮಂಜಾಗುತ್ತಿತ್ತು, ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಆಗ ದಾದಿ ನನ್ನನ್ನು ತನಗೆ ಬಿಡಿರೆಂದು ಕೇಳಿದಳು. ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಆಡಿದ ಮಾತು ಇದು. ನಾನು ಅವಳ ತೊಡೆಗೆ ಆತುಕೊಂಡೇ ಕುಳಿತಿದ್ದೆ.

‘ಸಣ್ಣಾಕಿನ್ನ ನನ್ನ ಹತ್ರ ಬಿಟ್ಟು ಹೋಗ್ರಿ,’ ಎಂದಳು ದಾದಿ. ‘ಆಕಿ ನನ್ನ ಬಿಟ್ಟು ಮಲಗಂಗಿಲ್ಲ.’

‘ಸಣ್ಣ ಕೂಸದರಿ ಅಮ್ಮಾ,’ ಎಂದಳು ಅಮ್ಮಿ. ‘ಆಕಿಗಿ ತಾಯಿ ಬೇಕು.’

‘ಹಂಗಾರ ದೊಡ್ಡಾಕಿಗಿ ಬ್ಯಾಡೇನು?’

ಅಡುಗೆಮನೆಯಲ್ಲಿ ಆಪಾ ರೊಟ್ಟಿ ತಟ್ಟುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಮುಂದೆ ನಾಲ್ಕಾರು ದಿನ ಮನೆಯಲ್ಲಿ ಅದೇ ಮಾತು. ಅಮ್ಮಿ ಅಳುವಳು, ದಾದಿ ಉಣ್ಣುವುದಿಲ್ಲ ಎನ್ನುವಳು, ಅಬ್ಬಾ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರುವರು. ಕೊನೆಗೆ ಅಬ್ಬಾ ತೀರ್ಮಾನ ಹೇಳಿದರು. ಒಂದು ವರ್ಷ ಜುಲೇಖಾ ಇಲ್ಲಿರಲಿ. ಅಷ್ಟರಲ್ಲಿ ಅಮ್ಮಾನ ಕಣ್ಣಿನ ಆಪರೇಷನ್ ಮಾಡಿಸೋಣ, ಹೊಲ ಪಾಲಿಗೆ ಹಾಕೋಣ, ಮುಂದಿನ ವರ್ಷ ಇಬ್ಬರೂ ಬರಲಿ. ಅವರು ಸುಳ್ಳು ಹೇಳಲಿಲ್ಲ. ಹಾಗೇ ಆಗುತ್ತದೆ ಎಂದು ಅವರು ನಂಬಿದ್ದರು, ಅಮ್ಮಿಯೂ ನಂಬಿದ್ದಳು. ನಾನಂತೂ ಆ ದಿನಗಳಲ್ಲಿ ವಿಮಾನದ ಕನಸಿನಲ್ಲಿದ್ದೆ. ಓಣಿಯ ಮಕ್ಕಳಿಗೆಲ್ಲ ಹೇಳಿಕೊಂಡು ಬಂದೆ. ನನಗಾದ ಸಂತೋಷಕ್ಕೆ ಮಿತಿಯಿರಲಿಲ್ಲ. ಎಂಟು ವರ್ಷದ ಹುಡುಗಿಯ ಸಂತೋಷವನ್ನು ತಪ್ಪು ಎನ್ನಲಾಗದು ಎಂದು ನನಗೆ ಎಷ್ಟೋ ಜನ ಹೇಳಿದ್ದಾರೆ. ನಾನೂ ನನಗೆ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟೂ ಆ ಸಂತೋಷವೇ ಕಣ್ಣ ಮುಂದೆ ಬರುತ್ತದೆ.

ಹೊರಡುವ ಬೆಳಗ್ಗೆ ಆಪಾ ನನ್ನ ತಲೆ ಬಾಚಿದಳು. ಎರಡು ಜಡೆ ಬಿಗಿಯಾಗಿ ಹೆಣೆದು, ಕೆಂಪು ರಿಬ್ಬನ್ ಕಟ್ಟಿ, ಜಡೆಯ ತುದಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದಳು:

‘ಅಮ್ಮಿಗಿ ತಲಿನೋವು ಬಂದ್ರ ಮಾತಾಡಿಸಬ್ಯಾಡ. ಕೋಣಿ ಕತ್ತಲಿ ಮಾಡು. ತಾನೇ ಏಳ್ತಾಳ.’

ಅಷ್ಟೇ. ಅಮ್ಮಿಯನ್ನು ನನ್ನ ವಶಕ್ಕೆ ಕೊಟ್ಟಳು. ಕಲಬುರಗಿಗೆ ಹೋಗುವ ಬಸ್ಸು ಬಂದಾಗ ದಾದಿ ಜೋರಾಗಿ ಅತ್ತಳು, ಅಮ್ಮಿ ಅತ್ತಳು. ಆಪಾ ದಾದಿಯ ತೋಳು ಹಿಡಿದು ನಿಂತಿದ್ದಳು. ಅಮ್ಮಿ ಅವಳನ್ನು ತಬ್ಬಿಕೊಂಡಾಗಲೂ ಆ ಹಿಡಿತ ಬಿಡಲಿಲ್ಲ, ದಾದಿ ಎಲ್ಲಿ ಎಡವಿ ಬೀಳುತ್ತಾಳೋ ಎಂದು.

ಶಾರ್ಜಾದಲ್ಲಿ ನಮ್ಮದು ಹಳೆಯ ಕಟ್ಟಡದ ಎರಡನೇ ಮಹಡಿ. ಒಂದು ಫ್ಲ್ಯಾಟಿನಲ್ಲಿ ಎರಡು ಸಂಸಾರ. ಒಂದು ಕೋಣೆ ನಮ್ಮದು, ಇನ್ನೊಂದು ಅಫಜಲಪುರದ ಕಡೆಯ ಕರಜಗಿಯಿಂದ ಬಂದಿದ್ದ ಮಹಾನಂದಾ ಕಾಕಿಯದು. ಅವಳ ಗಂಡ ಶರಣಪ್ಪ ಕಾಕಾ ಪೈಪು ಜೋಡಿಸುವ ಕೆಲಸದವರು. ಅಡುಗೆಮನೆ ಇಬ್ಬರಿಗೂ ಒಂದೇ. ಅವರು ಮಾಂಸ ಮುಟ್ಟುವವರಲ್ಲ. ಅಮ್ಮಿ ಶುಕ್ರವಾರ ಮಾತ್ರ ಮಾಂಸ ಮಾಡುತ್ತಿದ್ದಳು. ಆಗ ಕಾಕಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಪಲ್ಯ ಹೆಚ್ಚುತ್ತಿದ್ದಳು. ಮುಗಿದ ಮೇಲೆ ಅಮ್ಮಿ ಇಡೀ ಅಡುಗೆಮನೆ ತೊಳೆದು, ನಿಂಬೆಸಿಪ್ಪೆ ತಿಕ್ಕಿ, ‘ಬರ್ರಿ ಮಹಾನಂದಾ’ ಎಂದು ಕರೆಯುವಳು. ಉಳಿದ ದಿನ ಇಬ್ಬರೂ ಒಟ್ಟಿಗೆ ಜೋಳದ ರೊಟ್ಟಿ ಮಾಡುತ್ತಿದ್ದರು. ಊರಿನಿಂದ ಯಾರೇ ಬಂದರೂ ಜೋಳದ ಹಿಟ್ಟು ತರಬೇಕೆಂಬುದು ಕಟ್ಟಪ್ಪಣೆ. ಮೊದಮೊದಲು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಪಠಾಣನೊಬ್ಬ ಏನಾಯಿತೋ ಎಂದು ಮೇಲೆ ಬಂದಿದ್ದ. ಅವನಿಗೆ ಎರಡು ರೊಟ್ಟಿ ಕೊಟ್ಟು ಕಳಿಸಿದರು. ಆಮೇಲೆ ಸದ್ದು ಕೇಳಿದರೆ ಅವನ ಮಗು ತಟ್ಟೆ ಹಿಡಿದು ಬರುತ್ತಿತ್ತು. ಅಮ್ಮಿ ಮನೆಯಲ್ಲಿ ಕೂತು ಕಂದೂರಾಗಳಿಗೆ ಗುಂಡಿ ಹಚ್ಚುತ್ತಿದ್ದಳು. ನರೋಣಾದಲ್ಲಿ ದಾದಿಯ ಮುಂದೆ ತಲೆಯೆತ್ತದ ಅಮ್ಮಿ ಇಲ್ಲಿ ಬಸ್ಸು ಹತ್ತಿ ಮೀನು ಮಾರುಕಟ್ಟೆಗೆ ಹೋಗುವುದನ್ನು ಕಲಿತಳು, ಅರಬ್ಬಿಯಲ್ಲಿ ಚೌಕಾಸಿ ಮಾಡುವುದನ್ನು ಕಲಿತಳು. ಅವಳು ನಗುವುದನ್ನು ನಾನು ಕಂಡಿದ್ದೇ ಅಲ್ಲಿ. ಆದರೆ ನಗುತ್ತ ನಗುತ್ತ ಏನೋ ನೆನಪಾದವಳಂತೆ ತಟ್ಟನೆ ನಿಲ್ಲಿಸಿಬಿಡುತ್ತಿದ್ದಳು.

ನನ್ನ ಶಾಲೆಯಲ್ಲಿ ಇಂಗ್ಲಿಷು, ಅರಬ್ಬಿ. ಕನ್ನಡ ಕಲಿಸಿದ್ದು ಮಹಾನಂದಾ ಕಾಕಿ. ರೊಟ್ಟಿಯ ಪರಾತದಲ್ಲಿ ಹಿಟ್ಟು ಹರಡಿ, ನನ್ನ ಬೆರಳು ಹಿಡಿದು ಅ, ಆ ತಿದ್ದಿಸುತ್ತಿದ್ದಳು. ನಿನ್ನ ಅಕ್ಕ ಕನ್ನಡ ಶಾಲೆಗೆ ಹೋಗುತ್ತಾಳೆ, ನಾಳೆ ಅವಳಿಗೆ ನೀನು ಏನು ಬರೆಯುತ್ತೀ ಎಂದು ಕೇಳುತ್ತಿದ್ದಳು. ನಾನು ಈಗ ಬರೆಯುತ್ತಿರುವ ಈ ಅಕ್ಷರಗಳು ಆ ಹಿಟ್ಟಿನಲ್ಲಿ ಮೂಡಿದವು. ಆದರೆ ಊರಿಗೂ ನಮಗೂ ಇದ್ದ ಸಂಬಂಧ ಕಾಗದದ್ದಲ್ಲ, ಕ್ಯಾಸೆಟ್ಟಿನದು. ದಾದಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಅಬ್ಬಾ ಒಂದು ಟೇಪ್ ರೆಕಾರ್ಡರ್ ನರೋಣಾದಲ್ಲೇ ಇಟ್ಟು ಬಂದಿದ್ದರು. ಮೂರು ನಾಲ್ಕು ತಿಂಗಳಿಗೊಮ್ಮೆ ಊರಿಂದ ಬರುವ ಯಾರಾದರೂ ಕ್ಯಾಸೆಟ್ ತರುತ್ತಿದ್ದರು. ಅದರಲ್ಲಿ ದಾದಿ ಕೆಮ್ಮುತ್ತ ಹೊಲದ ಸುದ್ದಿಯೆಲ್ಲ ಹೇಳುವಳು, ಹಿಂದೆ ಕೋಳಿಗಳು ಕೂಗುವವು, ಆಳಂದದ ಬಸ್ಸಿನ ಹಾರ್ನ್ ಕೇಳುವುದು. ಎಲ್ಲ ಮುಗಿದ ಮೇಲೆ ಕೊನೆಗೆ ಆಪಾ. ‘ಇಲ್ಲಿ ಎಲ್ಲಾ ಆರಾಮ ಅದ. ನೀವು ಚೆಂದ ಇರ್ರಿ.’ ಪ್ರತಿ ಕ್ಯಾಸೆಟ್ಟಿನಲ್ಲೂ ಅಷ್ಟೇ ಮಾತು. ಅಮ್ಮಿ ಅದನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದಳು, ಆ ಮಾತಿನ ಒಳಗೆ ಇನ್ನೇನಾದರೂ ಇದೆಯೋ ಎಂಬಂತೆ.

ಹೇಳಿದ ವರ್ಷ ಮುಗಿಯುವ ಹೊತ್ತಿಗೆ ಬಂದ ಕ್ಯಾಸೆಟ್ಟಿನಲ್ಲಿ ದಾದಿಯೇ ಹೇಳಿದಳು. ಹುಡುಗಿ ಶಾಲೆ ಬಿಟ್ಟಿದ್ದಾಳೆ, ನಾನೇ ಬಿಡು ಎಂದೆ, ನನಗೆ ಒಲೆ ಕಾಣುವುದಿಲ್ಲ, ಹೊಲಕ್ಕೆ ಬುತ್ತಿ ಕೊಂಡೊಯ್ಯುವವರಿಲ್ಲ, ಏನು ಮಾಡಲಿ. ಅಮ್ಮಿ ಟೇಪು ನಿಲ್ಲಿಸಿದಳು. ಅಂದು ಅಬ್ಬಾ ಕೆಲಸದಿಂದ ಬಂದಾಗ ಅವರಿಬ್ಬರ ನಡುವೆ ನಡೆದ ಜಗಳವನ್ನು ಕಾಕಿಯ ಕೋಣೆಯಲ್ಲಿ ಕುಳಿತು ಕೇಳಿಸಿಕೊಂಡೆ. ಟಿಕೀಟು ತೆಗೆಸಿ, ನಾನು ಹೋಗುತ್ತೇನೆ ಎಂದು ಅಮ್ಮಿ. ಈದ್ ಹತ್ತಿರ ಬಂದಿದೆ, ಅಂಗಡಿಯ ಮಾಲೀಕ ಈಗ ಕದಲಲು ಬಿಡುವುದಿಲ್ಲ, ಈದ್ ಆಗಲಿ ಎಂದು ಅಬ್ಬಾ. ಈದ್ ಆಯಿತು. ಆಮೇಲೆ ನನಗೆ ಕಾಮಾಲೆ ಬಂತು. ಅದು ವಾಸಿಯಾಗುವಷ್ಟರಲ್ಲಿ ಶಾಲೆಯ ಪರೀಕ್ಷೆ. ಪ್ರತಿ ಸಲವೂ ಒಂದು ಖರೆಯಾದ ಕಾರಣ ಇರುತ್ತಿತ್ತು, ಆ ಕಾರಣಗಳಲ್ಲಿ ಅರ್ಧ ನಾನೇ ಆಗಿರುತ್ತಿದ್ದೆ. ಆಪಾ ಶಾಲೆ ಬಿಟ್ಟ ಆ ವರ್ಷವೇ ಅಬ್ಬಾ ನನ್ನನ್ನು ಇನ್ನೂ ಒಳ್ಳೆಯ ಶಾಲೆಗೆ ಹಾಕಿದರು. ಹೊಸ ಯೂನಿಫಾರ್ಮನ್ನು ಅವರೇ ಹೊಲಿದರು. ಹಾಕಿ ತೋರಿಸಲು ಬಂದಾಗ ಅಮ್ಮಿ ಕಾಲರು ಸರಿಮಾಡಿದಳು, ಚೆನ್ನಾಗಿದೆ ಎನ್ನಲಿಲ್ಲ. ಅಂದಿನಿಂದ ನನಗೊಂದು ಅಭ್ಯಾಸ ಅಂಟಿತು. ಹೊಸದು ಏನೇ ಕೊಟ್ಟರೂ ಮಡಿಕೆ ಬಿಚ್ಚದೆ ಸ್ವಲ್ಪ ದಿನ ಹಾಗೇ ಇಡುವುದು. ಯಾರದೋ ವಸ್ತುವನ್ನು ತಪ್ಪಿ ನನಗೆ ಕೊಟ್ಟಿದ್ದಾರೆ, ಇನ್ನೇನು ಬಂದು ಕೇಳುತ್ತಾರೆ ಎಂಬ ಭಾವನೆ. ಈಗ ನಾನೇ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಬೆಳೆದ ಮಕ್ಕಳಿದ್ದಾರೆ. ಆ ಭಾವನೆ ಹೋಗಿಲ್ಲ.

ಮೊದಲ ಸಲ ನಾವು ಊರಿಗೆ ಹೋದಾಗ ಮೂರು ವರ್ಷ ಆಗಿಹೋಗಿತ್ತು. ದಾದಿಯ ಕಣ್ಣಿನ ಆಪರೇಷನ್ ಆಗಿತ್ತು, ಆದರೆ ಅವಳು ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪಾ ಅಮ್ಮಿಗಿಂತ ಎತ್ತರವಾಗಿದ್ದಳು. ನಮಗೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಅತಿಥಿಗಳಿಗೆಂದು ಎತ್ತಿಟ್ಟ ತಟ್ಟೆಗಳಲ್ಲಿ ಬಡಿಸಿದಳು. ಅಮ್ಮಿ ಅಡುಗೆಮನೆಗೆ ಎದ್ದು ಹೋದರೆ, ನೀವು ಕೂಡ್ರಿ, ದಣಿದೀರಿ ಎಂದು ಹೊರಗೆ ಕಳಿಸಿದಳು. ತಾನು ಒಳಗೆ ದಾದಿಗೆ ಉಣಿಸಿ, ಅದೇ ತಟ್ಟೆಯಲ್ಲಿ ತಾನೂ ಉಂಡಳು. ಅವಳು ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ತಂದ ಬಟ್ಟೆಗಳನ್ನು ಚೆನ್ನಾಗಿವೆ ಎಂದು ತೆಗೆದಿಟ್ಟಳು. ಆ ಸಲ ಅವಳನ್ನು ಕರೆದುಕೊಂಡೇ ಹೋಗುವುದೆಂದು ಅಮ್ಮಿ ಬಂದಿದ್ದಳು. ಹಾಸಿಗೆ ಹಿಡಿದ ದಾದಿಯನ್ನು ನೋಡಿದ ಮೇಲೆ ಆ ಮಾತನ್ನು ಕೈಬಿಟ್ಟಳು. ನಾವು ಮೂವರೇ ವಾಪಸು ಬಂದೆವು.

ದಾದಿ ಎರಡು ವರ್ಷ ಮಲಗಿದಲ್ಲೇ ಇದ್ದು ತೀರಿಕೊಂಡಳು. ಆಗ ಕಡೆಗೂ ಆಪಾ ಶಾರ್ಜಾಕ್ಕೆ ಬಂದಳು. ಅವಳು ಬರುವ ವಾರ ಅಮ್ಮಿ ಮಂಚಗಳನ್ನು ತರಿಸಿದಳು, ಪರದೆ ಹಾಕಿಸಿದಳು, ಟೀವಿ ತಂದಳು. ಮಹಾನಂದಾ ಕಾಕಿ ಹೋಳಿಗೆ ಮಾಡಿದಳು. ಆಪಾ ಬಂದು ಎಲ್ಲವನ್ನೂ ನೋಡಿ, ಚೆಂದ ಅದ ಎಂದಳು. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಮನೆಯೆಲ್ಲ ಒರೆಸಿ, ಪಾತ್ರೆ ತೊಳೆದು, ಮಾಡಲು ಇನ್ನೇನೂ ಇಲ್ಲದೆ ಬಾಲ್ಕನಿಯಲ್ಲಿ ನಿಂತಿದ್ದಳು. ಅಮ್ಮಿ ಅವಳಿಗೆ ಬೇಕಾದ್ದನ್ನೆಲ್ಲ ಮಾಡಿ ತಟ್ಟೆಗೆ ಸುರಿದಳು. ಪೇಟೆಗೆ, ಸಮುದ್ರಕ್ಕೆ ಕರೆದೊಯ್ದಳು. ಆಪಾ ಎಲ್ಲಿಗೆ ಕರೆದರೂ ಬಂದಳು, ಕೊಟ್ಟದ್ದನ್ನೆಲ್ಲ ತಿಂದಳು. ನಾನು ಅಮ್ಮಿಯನ್ನು ನೀನು ಎನ್ನುತ್ತಿದ್ದೆ, ಒಮ್ಮೊಮ್ಮೆ ಸಿಟ್ಟಿನಿಂದ ಒದರುತ್ತಿದ್ದೆ. ಆಪಾ ಮಾತಿಗೊಮ್ಮೆ ‘ರಿ’ ಹಚ್ಚುತ್ತಿದ್ದಳು, ಹೌದ್ರಿ, ಬ್ಯಾಡ್ರಿ, ಸಾಕ್ರಿ. ಒಂದು ಮಧ್ಯಾಹ್ನ ಗುಂಡಿ ಹಚ್ಚುತ್ತ ಕುಳಿತಿದ್ದಾಗ ಅಮ್ಮಿ ತಡೆಯಲಾರದೆ ಕೇಳಿಯೇಬಿಟ್ಟಳು.

‘ನಾ ನಿಮ್ಮ ಅಮ್ಮಿ ಇದ್ದೇನಿ ಬೇ. ನನಗ ಯಾಕ ರಿ ಅಂತಿ?’

ಆಪಾ ದಾರ ಕತ್ತರಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು.

‘ರೂಢಿ ಆಗ್ಯಾದ್ರಿ,’ ಎಂದಳು.

ಅದರಲ್ಲಿ ಕುಟುಕಿರಲಿಲ್ಲ. ಕುಟುಕಿದ್ದರೆ ಅಮ್ಮಿಗೆ ಸುಲಭವಾಗುತ್ತಿತ್ತು. ಬಿತ್ತನೆಯ ಕಾಲದ ಮಿರಗದ ಮಳೆ ಹತ್ತಿರ ಬಂದಂತೆ ಆಪಾ ದಿನಾ ಹೊಲದ ಮಾತು ತೆಗೆಯತೊಡಗಿದಳು. ಬೀಜ ಎಲ್ಲಿಟ್ಟಿದೆ ಎಂದು ಯಾರಿಗೂ ಗೊತ್ತಿಲ್ಲ, ಪಾಲಿಗೆ ಮಾಡುವವನು ತೊಗರಿ ಬಿಟ್ಟು ಬೇರೇನೋ ಹಾಕುತ್ತಾನೆ, ನಾನು ಹೋಗಬೇಕು. ಅಮ್ಮಿ ಬೇಡಿಕೊಂಡಳು. ಅಬ್ಬಾ ಎದುರು ಮಾತಾಡದೆ ಟಿಕೀಟು ತಂದುಕೊಟ್ಟರು. ಆಪಾಳ ಮಂಚದ ಮೇಲೆ ಆಮೇಲೆ ನಾನು ಮಲಗಿದೆ. ಅಮ್ಮಿ ಬೇಡ ಎನ್ನಲಿಲ್ಲ, ಮಲಗು ಎಂದೂ ಹೇಳಲಿಲ್ಲ. ‘ಆಪಾ ಬಂದ ಮ್ಯಾಲ’ ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಆಪಾಳ ಮದುವೆ ಜೇವರ್ಗಿಯ ಮೈಬೂಬ್ ಭಾಯಿಯ ಜೊತೆ ಆಯಿತು. ಟ್ರ್ಯಾಕ್ಟರ್ ಓಡಿಸುವವರು, ಕಬ್ಬಿನ ಕಾಲಕ್ಕೆ ಭೂಸನೂರಿನ ಕಾರ್ಖಾನೆಗೆ ಕಬ್ಬು ಹೇರುತ್ತಿದ್ದರು. ನರೋಣಾ ಬಿಟ್ಟು ಬರುವುದಿಲ್ಲ ಎಂದು ಆಪಾ ಮೊದಲೇ ಹೇಳಿದ್ದಳು, ಅವರೇ ಬಂದರು. ನಾನು ಶಾರ್ಜಾದಲ್ಲೇ ಓದಿದೆ, ಕಲಬುರಗಿಯಿಂದ ಬಂದು ಅಲ್ಲಿ ಕೆಲಸಕ್ಕಿದ್ದವರನ್ನೇ ಮದುವೆಯಾದೆ. ಆ ದೇಶ ನಮ್ಮನ್ನು ಕೆಲಸವಿರುವಷ್ಟು ದಿನ ಇಟ್ಟುಕೊಳ್ಳುತ್ತದೆ. ಅಬ್ಬಾನ ಬೆರಳು ನಡುಗಲು ಶುರುವಾದ ಮೇಲೆ ವೀಸಾ ಮುಂದುವರಿಯಲಿಲ್ಲ. ಇಷ್ಟು ವರ್ಷ ಕಟ್ಟಿದ ಸಂಸಾರವನ್ನು ನಾಲ್ಕು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಅವರಿಬ್ಬರೂ ಹೋದದ್ದು ಎಲ್ಲಿಗೆ? ನರೋಣಾಕ್ಕೆ, ಆಪಾಳ ಮನೆಗೆ. ಬಿಟ್ಟು ಹೋದ ಮಗಳೇ ಅವರನ್ನು ಬಾಗಿಲಲ್ಲಿ ಎದುರುಗೊಂಡಳು. ನಡುಮನೆಯ ಚೀಲ ತೆಗೆಸಿ, ಗೋಡೆ ಒಡೆಸಿ ಕಿಟಕಿ ಇಡಿಸಿ, ಅದನ್ನು ಅವರ ಕೋಣೆ ಮಾಡಿದ್ದಳು. ಅಬ್ಬಾ ಅಲ್ಲಿ ಕೆಲವು ವರ್ಷ ಇದ್ದು, ಆಪಾಳ ಕೈಯಿಂದ ಗಂಜಿ ಕುಡಿದು ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಮ್ಮಿ ಈಗ ಬಹಳ ಹಣ್ಣಾಗಿದ್ದಾಳೆ. ಅಡುಗೆಮನೆಗೆ ಬಂದರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಆಪಾಳನ್ನು ಕೇಳಿ ತೆಗೆದುಕೊಳ್ಳುತ್ತಾಳೆ. ಮಧ್ಯಾಹ್ನ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಎಲ್ಲರೂ ಕುಳಿತಿದ್ದೆವು, ಆಪಾ, ಅಮ್ಮಿ, ನಾನು, ಆಪಾಳ ಕೊನೆಯ ಮಗಳು ಆಫ್ರೀನ್. ಅವಳು ಆಳಂದದಲ್ಲಿ ಪಿಯುಸಿ ಮುಗಿಸಿದ್ದಳು, ಒಳ್ಳೆಯ ಅಂಕ ತೆಗೆದಿದ್ದಳು. ನಾನು ಹೊರಡುವ ಮೊದಲೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ಮಾತನ್ನು ತೆಗೆದೆ. ಶಾರ್ಜಾದಲ್ಲಿ ನಮ್ಮ ಮನೆ ಹತ್ತಿರವೇ ನರ್ಸಿಂಗ್ ಕಾಲೇಜಿದೆ, ಕಾಲೇಜಿನವರೇ ವೀಸಾ ಮಾಡಿಸುತ್ತಾರೆ, ಆಫ್ರೀನ್ ನನ್ನ ಹತ್ತಿರ ಇರಲಿ, ಅವಳ ಓದೆಲ್ಲ ನನಗೆ ಬಿಡು. ಆಪಾಗೆ ಸಲ್ಲಬೇಕಾದ್ದನ್ನು ಅವಳ ಮಗಳಿಗಾದರೂ ಸಲ್ಲಿಸಬೇಕೆಂಬುದು ಎಷ್ಟೋ ವರ್ಷದ ಆಸೆ. ಆಪಾ ಮೊರದಿಂದ ಕಣ್ಣೆತ್ತದೆ ಕೇಳಿಸಿಕೊಂಡಳು.

‘ನನಗೇನ ಹೇಳ್ತಿ?’ ಎಂದಳು. ‘ಆಕಿ ಇಲ್ಲೇ ಕುಂತಾಳ. ಆಕಿನ್ನ ಕೇಳು. ನನ್ನ ಯಾರೂ ಕೇಳಲಿಲ್ಲ.’

ತೊಗರಿಯಲ್ಲಿ ಆಡುತ್ತಿದ್ದ ಅಮ್ಮಿಯ ಕೈ ನಿಂತಿತು. ಅವಳಿಗೆ ಕಿವಿ ಮಂದ, ಎಷ್ಟೋ ಮಾತು ಕೇಳಿಸುವುದಿಲ್ಲ. ಇದು ಕೇಳಿಸಿತ್ತು. ಆಪಾಳ ಕಡೆ ತಿರುಗಿದಳು.

‘ಕೇಳಿದ್ರ ಏನಂತಿದ್ದಿ ಬೇ?’

ಆಪಾ ಮೊರ ಒಮ್ಮೆ ಕೇರಿ, ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

‘ಬರ್ತೇನಿ ಅಂತಿದ್ನಿರಿ,’ ಎಂದಳು.

ಅಮ್ಮಿ ತಲೆಯಾಡಿಸಿದಳು, ತಾನು ಊಹಿಸಿದ್ದೇ ಹೌದೆಂಬಂತೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ತೊಗರಿಗೆ ಕೈ ಹಾಕಿದಳು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡುವ ವಯಸ್ಸನ್ನು ನಾವು ಮೂವರೂ ದಾಟಿದ್ದೆವು. ಆಗ ನಾನು ಆಫ್ರೀನ್ ಕಡೆ ತಿರುಗಿ, ನಿನಗೆ ಬರಲು ಮನಸ್ಸಿದೆಯೇ ಎಂದು ಕೇಳಿದೆ. ಬೇಡವೆನಿಸಿದರೆ ಬೇಡ, ಯಾರೂ ಏನೂ ಅನ್ನುವುದಿಲ್ಲ ಎಂದೆ. ಅವಳು ತಾಯಿಯ ಮುಖ ನೋಡಿದಳು. ಆಪಾ ಬೇಕೆಂದೇ ಅವಳತ್ತ ನೋಡಲಿಲ್ಲ. ವಿಚಾರ ಮಾಡಿ ನಾಳೆ ಹೇಳ್ತೇನಿ ಖಾಲಾ ಎಂದು ಹುಡುಗಿ ಎದ್ದು ಹೋದಳು. ಖಾಲಾ ಎಂದರೆ ಚಿಕ್ಕಮ್ಮ, ತಾಯಿಯ ತಂಗಿ. ಮರುದಿನ ಬೆಳಗ್ಗೆ ಚಹಾ ಕುಡಿಯುವಾಗ ಬಂದು, ಬರ್ತೇನಿ ಎಂದಳು. ಅವಳ ಕಣ್ಣಿನಲ್ಲಿದ್ದ ಹಿಗ್ಗನ್ನು ನಾನು ನೋಡಿದೆ. ನೋಡಿದ ಮೇಲೆ, ನಾನು ಆಪಾಗೆ ಏನೋ ಕೊಡಲು ಬಂದವಳು ಮತ್ತೊಮ್ಮೆ ಅವಳ ಕೈಯಿಂದ ತೆಗೆದುಕೊಂಡು ಹೊರಟಿದ್ದೇನೆಂದು ತಿಳಿಯಿತು. ಬೇಡ ಎಂದು ಹಿಂದಕ್ಕೆ ಪಡೆಯುವ ಹಾಗೂ ಇರಲಿಲ್ಲ, ಕೇಳಿಯಾಗಿತ್ತು.

ಪೇಪರ್ ಕೆಲಸವೆಲ್ಲ ಮುಗಿದು ನಾವು ಹೊರಟ ದಿನ ಮೈಬೂಬ್ ಭಾಯಿ ಕಾರು ತರಿಸಿದ್ದರು. ಆಪಾ ಮಗಳ ಹಣೆಗೆ ಮುತ್ತಿಟ್ಟು, ಜೋಳದ ಹಿಟ್ಟು, ಹಿಂಡಿ, ಉಪ್ಪಿನಕಾಯಿಯನ್ನು ಡಿಕ್ಕಿಯಲ್ಲಿ ತಾನೇ ಜೋಡಿಸಿದಳು. ಹುಡುಗಿ ಒಳಗೆ ಹತ್ತಿ ಕುಳಿತ ಮೇಲೆ ನನ್ನನ್ನು ಬೇವಿನ ಗಿಡದ ಹತ್ತಿರ ಕರೆದಳು. ಓದಿನ ವಿಷಯವೋ ಖರ್ಚಿನ ವಿಷಯವೋ ಹೇಳುತ್ತಾಳೆ ಎಂದುಕೊಂಡೆ. ಬೇಸಿಗೆ ಬಂದರೆ ಕಳಿಸು ಎನ್ನುತ್ತಾಳೆ ಎಂದುಕೊಂಡೆ. ಅವಳು ನನ್ನ ಮೊಣಕೈ ಹಿಡಿದು, ದನಿ ತಗ್ಗಿಸಿ ಹೇಳಿದಳು.

‘ಚೆಂದ ನೋಡ್ಕೋತಿ, ನನಗ ಗೊತ್ತದ. ಊಟಕ್ಕ ಬಟ್ಟಿಗಿ ಏನೂ ಕಮ್ಮಿ ಮಾಡಂಗಿಲ್ಲ ನೀ. ಒಂದೇ ಮಾತು. ಆಕಿ ನಿನಗ ಖಾಲಾ ಅಂತಾಳ. ಹಂಗೇ ಅನ್ನಲಿ.’